ಮೊಣಕೈಯಲ್ಲಿದ್ದ ಸಂದು

"ಗುರುಗಳೇ, ಒಂದೇ ಸೂರಿನ ಕೆಳಗೆ ಇರುವವನು ತನ್ನ ಕೋಣೆಗೆ ಒಳಗಿನಿಂದ ಚಿಲಕ ಹಾಕಿಕೊಂಡರೆ ಅವನನ್ನು ನಂಬಬಹುದೇ?"

ಕೇಳಿದವನು ಮರುಳಯ್ಯ. ಮಠದ ಉಗ್ರಾಣ, ಪೂಜೆಯ ಪಾತ್ರೆಗಳು, ಬಂದವರ ಊಟ ಎಲ್ಲವೂ ಅವನ ಮೇಲ್ವಿಚಾರಣೆಯಲ್ಲಿದ್ದವು. ಅವನು ಹೇಳುತ್ತಿದ್ದುದು ಅಡವಯ್ಯನ ವಿಷಯ. ಅಡವಯ್ಯ ಹೋದ ಮಳೆಗಾಲದಲ್ಲಿ ಬಂದು ಸೇರಿದ ಶಿಷ್ಯ. ಎಲ್ಲರೊಡನೆ ಉಣ್ಣುತ್ತಿದ್ದ, ಎಲ್ಲರೊಡನೆ ಹಾಡುತ್ತಿದ್ದ, ಹೇಳಿದ ಕೆಲಸ ಮಾಡುತ್ತಿದ್ದ. ಮಧ್ಯಾಹ್ನ ಮಾತ್ರ ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ.

"ಒಳಗೆ ಏನು ಮಾಡುತ್ತಾನೆ?" ಎಂದರು ಗುರುಗಳು.

"ಅದೇ ಗೊತ್ತಿಲ್ಲ."

"ಅವನನ್ನು ಕೇಳಿದೆಯಾ?"

"ಕೇಳಿದರೆ ನಿಜ ಹೇಳುತ್ತಾನೆಯೇ, ಗುರುಗಳೇ?"

ಗುರುಗಳು ಅವನ ಮುಖ ನೋಡಿದರು. ಕೂತುಕೋ ಎಂದು ಕೈ ತೋರಿಸಿದರು. ಮರುಳಯ್ಯನ ಬಲಗೈ ಶಲ್ಯದೊಳಗಿತ್ತು. ಅವನು ಅದನ್ನು ಹೊರಗೆ ತೆಗೆಯದೆ, ಎಡಗೈ ಊರಿಕೊಂಡು ಕಷ್ಟಪಟ್ಟು ಕೂತ.

"ಹಾಗಾದರೆ ಒಂದು ಮನೆಯ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ನಿನಗೆ ಆ ಚಾಳಿ ಇದೆ."

ಮರುಳಯ್ಯ ತಲೆಯಾಡಿಸಿದ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬೇಳೆ ವ್ಯಾಪಾರಿ ಇದ್ದ. ಅವನಿಗೊಬ್ಬ ತಮ್ಮ. ಇಬ್ಬರಿಗೂ ಹಿರಿಯಳಾದ ಒಬ್ಬಳು ಅಕ್ಕ. ಅವಳು ಸಣ್ಣ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು, ತಾಯಿಯಿಲ್ಲದ ತಮ್ಮಂದಿರನ್ನು ಸಾಕಿದಳು. ಇಬ್ಬರೂ ಬೆಳೆದು ಮದುವೆಯಾಗಿ ಮಕ್ಕಳನ್ನು ಪಡೆದ ಮೇಲೂ ಅವಳು ಬಡಿಸಿದರೇ ಅವರಿಗೆ ಊಟ.

ಆ ಊರಿನಲ್ಲಿ ಅಣ್ಣತಮ್ಮಂದಿರು ಬೇರೆಯಾಗುವುದಕ್ಕೆ ಒಂದು ಪದ್ಧತಿಯಿತ್ತು. ಊರಿನ ಹಿರಿಯರು ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಮನೆಯ ನಡುವೆ ನೆಲದ ಮೇಲೆ ಸುಣ್ಣದ ಗೆರೆ ಎಳೆಸುತ್ತಿದ್ದರು. ಗೆರೆ ಹೋದ ಕಡೆ ಗೋಡೆ ಏಳುತ್ತಿತ್ತು. ವ್ಯಾಪಾರಿ ಹುಡುಗನಾಗಿದ್ದಾಗ ಅವನ ಅಪ್ಪ ಮತ್ತು ಚಿಕ್ಕಪ್ಪ ಹೀಗೆ ಬೇರೆಯಾದರು. ಗೆರೆ ಅಡುಗೆಮನೆಯನ್ನು ಸೀಳಿಕೊಂಡು ಹೋಯಿತು. ಒಲೆ ಇತ್ತ ಉಳಿಯಿತು, ಬೀಸುವ ಕಲ್ಲು ಅತ್ತ ಹೋಯಿತು. ಚಿಕ್ಕಮ್ಮ ಬೀಸುವ ಸದ್ದು ಗೋಡೆಯಾಚೆಯಿಂದ ದಿನವೂ ಕೇಳುತ್ತಿತ್ತು. ಹುಡುಗ ಗೋಡೆಗೆ ಕಿವಿಯಿಟ್ಟು ಅಳುತ್ತಿದ್ದ. ತಾನು ಬದುಕಿರುವವರೆಗೆ ತನ್ನ ಮನೆಯಲ್ಲಿ ಸುಣ್ಣದ ಗೆರೆ ಬೀಳಬಾರದು ಎಂದು ಅವನು ಆಗಲೇ ಮನಸ್ಸು ಗಟ್ಟಿಮಾಡಿಕೊಂಡ. ಅವನಿಗೆ ಬೇಕಾಗಿದ್ದುದು ಅದೊಂದೇ. ಅವನನ್ನು ಕೆಟ್ಟವನೆಂದು ತಿಳಿಯಬೇಡ.

ವ್ಯಾಪಾರ ಕುದುರಿತು. ಅಣ್ಣತಮ್ಮಂದಿರು ಹೊಸ ಮನೆ ಕಟ್ಟಿಸಲು ಹೊರಟರು. ಅವರಿಗೆ ಸಿಕ್ಕ ಜಾಗ ಎರಡು ಬೀದಿ ಕೂಡುವ ಮೂಲೆಯಲ್ಲಿತ್ತು. ಹಿಂದುಗಡೆ ಬೇರೆಯವರ ಬಾವಿ. ಆದ್ದರಿಂದ ಮನೆಯನ್ನು ಚೌಕವಾಗಿ ಕಟ್ಟಲು ಬರುತ್ತಿರಲಿಲ್ಲ. ಪೇಟೆ ಬೀದಿಯ ಉದ್ದಕ್ಕೆ ಒಂದು ಭಾಗ, ಅಡ್ಡ ಬೀದಿಗೆ ಒಂದು ಗಿಡ್ಡ ಭಾಗ. ಮಡಚಿದ ತೋಳಿನ ಹಾಗೆ. ಎರಡು ಭಾಗ ಕೂಡುವ ಜಾಗಕ್ಕೆ ಕೆಲಸದವರು ಮೊಣಕೈ ಎಂದು ಹೆಸರಿಟ್ಟರು, ಅದೇ ಉಳಿಯಿತು. ಕೆಳಗೆ ಅಂಗಡಿ, ಅದರ ಮೇಲೆ ವಾಸದ ಅಂತಸ್ತುಗಳು. ಎಲ್ಲವೂ ಕಾಂಕ್ರೀಟು.

ಆ ಸೀಮೆಯಲ್ಲಿ ಆಗಾಗ ನೆಲ ಸಣ್ಣಗೆ ನಡುಗುತ್ತಿತ್ತು. ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ಜನ ಹೊರಗೆ ಬಂದು ಒಬ್ಬರನ್ನೊಬ್ಬರು ನೋಡಿ ನಕ್ಕು ಒಳಗೆ ಹೋಗುತ್ತಿದ್ದರು. ಮನೆಯ ನಕಾಶೆ ಬರೆದ ಎಂಜಿನಿಯರ್ ಮಾತ್ರ ನಗಲಿಲ್ಲ. ವ್ಯಾಪಾರಿ ಸುಗ್ಗಿಯ ಖರೀದಿಗೆ ಊರೂರು ಸುತ್ತುತ್ತಿದ್ದಾಗ ಅವನು ತಮ್ಮನನ್ನು ಕೂರಿಸಿಕೊಂಡು ಹೇಳಿದ. ನೆಲ ಜೋರಾಗಿ ಅಲುಗಿದರೆ ಉದ್ದನೆಯ ಭಾಗ ಒಂದು ರೀತಿ ತೂಗುತ್ತದೆ, ಗಿಡ್ಡದ್ದು ಇನ್ನೊಂದು ರೀತಿ. ಎರಡನ್ನೂ ಬಿಗಿದು ಒಂದು ಮಾಡಿದರೆ ಇಡೀ ಕಟ್ಟಡ ತಿರುಚಿಕೊಳ್ಳುತ್ತದೆ, ಪೆಟ್ಟು ಮೊಣಕೈಗೆ ಬೀಳುತ್ತದೆ. ಆದ್ದರಿಂದ ಅಲ್ಲಿ ಬುಡದಿಂದ ಮಾಳಿಗೆಯವರೆಗೆ ಅಂಗೈ ಅಗಲದ ಸಂದು ಬಿಡಬೇಕು. ಮನೆ ಒಂದೇ ಇರಲಿ, ಕಟ್ಟಡ ಎರಡಾಗಲಿ. ನಡುಗುವಾಗ ಒಂದಕ್ಕೊಂದು ತಾಗಬಾರದು.

ತಮ್ಮ ಒಪ್ಪಿದ. ಅಣ್ಣನಿಗೆ ನಾನು ಹೇಳುತ್ತೇನೆ ಎಂದ. ಹೇಳಲಿಲ್ಲ. ಮನೆಯ ನಡುವೆ ಸಂದು ಎಂಬ ಮಾತು ತೆಗೆದರೆ ಅಣ್ಣ ಏನೆಂದುಕೊಂಡಾನೋ ಎಂಬ ಅಳುಕು. ಅಣ್ಣನ ಮನಸ್ಸು ಸಣ್ಣದು ಎಂದು ಅವನು ಮೊದಲೇ ತೀರ್ಮಾನಿಸಿಬಿಟ್ಟಿದ್ದ. ಅನುಮಾನ ಆ ಮನೆಗೆ ಕಾಲಿಟ್ಟದ್ದು ಅಂದು, ಇನ್ನೂ ಗೋಡೆಯೇ ಎದ್ದಿರಲಿಲ್ಲ.

ವ್ಯಾಪಾರಿ ಇನ್ನೂ ಖರೀದಿಗೆ ಸುತ್ತುತ್ತಿರುವಾಗಲೇ ಕಟ್ಟಡ ಮೇಲೆದ್ದಿತು. ಸಂದಿನ ಇಬ್ಬದಿಗೂ ಬೇರೆ ಬೇರೆ ಕಂಬಗಳು ನಿಂತವು. ನೀರಿನ ಕೊಳವೆ ಸಂದು ದಾಟುವ ಕಡೆ ಬಳುಕುವ ರಬ್ಬರಿನ ತುಂಡು ಬಂತು. ಗೋಡೆಯಲ್ಲಿ ಸಂದಿನ ಮೇಲೆ ತಗಡಿನ ಪಟ್ಟಿ ಹೊಡೆದರು, ನೆಲದ ಮೇಲೂ ಒಂದು ಪಟ್ಟಿ ಹಾಸಿದರು, ಗೋಡೆಯದಕ್ಕೆ ಗೋಡೆಯದೇ ಬಣ್ಣ ಬಳಿದರು. ಆ ಎಂಜಿನಿಯರ್ ಮಾಡಿದ್ದು ಸರಿಯಾದ ಕೆಲಸ. ಮಾಡಿದ ರೀತಿ ಮಾತ್ರ ಕಳ್ಳನದು. ಬೇಳೆ ಮಾರುವವನಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದುಕೊಂಡು, ಮುಚ್ಚಿ ಬಣ್ಣ ಬಳಿದು, ಹೊರಟುಹೋದ.

ಗೃಹಪ್ರವೇಶವಾಯಿತು. ಉದ್ದನೆಯ ಭಾಗದಲ್ಲಿ ಅಣ್ಣನ ಸಂಸಾರ, ಗಿಡ್ಡ ಭಾಗದಲ್ಲಿ ತಮ್ಮನ ಸಂಸಾರ. ಒಲೆ ಒಂದೇ. ವ್ಯಾಪಾರಿ ಬಂದವರಿಗೆಲ್ಲ ಆ ಒಲೆ ತೋರಿಸುತ್ತಿದ್ದ. ಅವನಿಗೆ ಅದರಷ್ಟು ಸಂತೋಷ ಬೇರೊಂದಿರಲಿಲ್ಲ.

ಒಂದು ದಿನ ಮೇಲಿನ ಪಡಸಾಲೆಯಲ್ಲಿ ಅಕ್ಕ ಬೇಳೆ ಹಸನು ಮಾಡುತ್ತಿದ್ದಳು. ಮೊರ ಜಾರಿ ಬೇಳೆ ಚೆಲ್ಲಿತು. ಕಸಬರಿಗೆಯಲ್ಲಿ ಕೂಡಿಸುವಾಗ ಒಂದು ಹಿಡಿಯಷ್ಟು ಬೇಳೆ ತಗಡಿನ ಪಟ್ಟಿಯ ಅಂಚಿಗೆ ಸರಿದು ಕಾಣದಾಯಿತು. ವ್ಯಾಪಾರಿ ಅಲ್ಲೇ ಕೂತಿದ್ದ. ಬೇಳೆ ಬೀಳುವ ಸದ್ದು ಕೇಳುತ್ತಲೇ ಬೆಳೆದ ಕಿವಿ ಅವನದು. ಅದು ನೆಲಕ್ಕೆ ಬಿದ್ದ ಸದ್ದಾಗಿರಲಿಲ್ಲ. ಎಲ್ಲೋ ಬಹಳ ಕೆಳಗೆ ಹೋಗಿ ಬಿದ್ದ ಸದ್ದು.

ಅಕ್ಕ ಒಳಗೆ ಹೋದ ಮೇಲೆ ಅವನು ಈಳಿಗೆಯ ತುದಿಯಿಂದ ಗೋಡೆಯ ಪಟ್ಟಿಯನ್ನು ಮೀಟಿದ. ಕೈಯಿಟ್ಟ. ಕೈ ಒಳಗೆ ಹೋಯಿತು. ಮೇಲೆ ನೋಡಿದ, ಕತ್ತಲೆ. ಕೆಳಗೆ ನೋಡಿದ, ಕತ್ತಲೆ. ಕಣ್ಣು ಹಚ್ಚಿ ಎದುರಿಗೆ ನೋಡಿದ, ಸಂದಿನ ಆಚೆ ತುದಿಯ ಪಟ್ಟಿಯ ಅಂಚಿನಲ್ಲಿ ಬೀದಿಯ ಬೆಳಕು ಸಣ್ಣ ಗೆರೆಯಾಗಿ ಕಾಣುತ್ತಿತ್ತು. ತನ್ನ ಮನೆ ಮೇಲಿಂದ ಕೆಳಗಿನವರೆಗೆ ಸೀಳಿಕೊಂಡು ನಿಂತಿದೆ ಎಂದು ಅವನಿಗೆ ಅರ್ಥವಾಯಿತು.  ಕಣ್ಣಿಗೆ ಬಂದದ್ದು ಸುಣ್ಣದ ಗೆರೆ.

ಪಟ್ಟಿಯನ್ನು ಮತ್ತೆ ಒತ್ತಿ ಕೂರಿಸಿದ. ಯಾರಿಗೂ ಏನೂ ಹೇಳಲಿಲ್ಲ.

ಅಂದಿನಿಂದ ಅವನು ಮನೆಯನ್ನು ನೋಡುವ ರೀತಿ ಬೇರೆಯಾಯಿತು. ಒಂದು ಕಂಬ ಸಾಲುವ ಕಡೆ ಎರಡು ಕಂಬ ಏಕಿವೆ? ಅವನ ಪಾಲಿಗೆ ಅವನ ಕಂಬ, ನನ್ನ ಪಾಲಿಗೆ ನನ್ನದು. ನೀರಿನ ಕೊಳವೆಗೆ ಅಲ್ಲಿ ಮಾತ್ರ ರಬ್ಬರ್ ಏಕೆ? ನಾಳೆ ಕತ್ತರಿಸಲು ಸುಲಭವಾಗಲಿ ಎಂದು. ತಮ್ಮನ ಹೆಂಡತಿ ಒಂದು ದಿನ ತನ್ನ ಮಗುವಿಗೆ ತನ್ನ ಕೋಣೆಯಲ್ಲೇ ಹಾಲು ಕಾಯಿಸಿದಳು. ಇಗೋ, ಎರಡನೆಯ ಒಲೆ ಎಂದುಕೊಂಡ. ತಮ್ಮ ನಕ್ಕರೆ ಏಕೆ ನಕ್ಕ, ನಗದಿದ್ದರೆ ಏಕೆ ನಗಲಿಲ್ಲ. ಅನುಮಾನ ಬಂದವನಿಗೆ ಕೆಲಸಕ್ಕೆ ಬರಗಾಲವಿಲ್ಲ, ಮರುಳಯ್ಯ. ದಿನವಿಡೀ ದುಡಿಯುತ್ತಾನೆ.

ಕೊನೆಗೆ ತಡೆಯಲಾರದೆ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಕೇಳಿದ.

"ತಮ್ಮಾ, ಈ ಮನಿ ಒಂದ ಅದನೋ, ಎರಡ ಅದಾವೋ?"

ತಮ್ಮ ಬೆಚ್ಚಿದ. ಅವನ ಮುಖ ಬಿಳಿಚಿಕೊಂಡದ್ದನ್ನು ಅಣ್ಣ ನೋಡಿದ.

"ಮನಿ ಒಂದ ಅದರಿ ಅಣ್ಣಾ. ಕಟ್ಟಡ ಎರಡ ಅದಾವ. ನೆಲ ನಡುಗಿದ್ರ ಒಂದಕ್ಕೊಂದು ತಾಗಬಾರದಂತ ಎಂಜಿನಿಯರ್ ಸಾಹೇಬ್ರು ಸಂದು ಬಿಟ್ಟಾರ."

"ಇಷ್ಟ ದಿನ ಯಾಕ ಹೇಳಲಿಲ್ಲ?"

"ನೀವು ತಪ್ಪು ತಿಳ್ಕೋತೀರಂತ ಹೇಳಲಿಲ್ಲರಿ."

ತಮ್ಮ ಹೇಳಿದ ಒಂದೊಂದು ಮಾತೂ ನಿಜ. ಆದರೆ ಬಚ್ಚಿಟ್ಟು ಆಮೇಲೆ ಹೇಳಿದ ನಿಜಕ್ಕೆ ಕದ್ದ ಮಾಲಿನ ವಾಸನೆ ಇರುತ್ತದೆ. ಅಣ್ಣ ಸರಿ ಎಂದ. ಮರುದಿನವೇ ಎಂಜಿನಿಯರನ ಬಳಿಗೆ ಹೋದ. ಎಂಜಿನಿಯರನೂ ಅದನ್ನೇ ಹೇಳಿದ. ಮನೆ ಒಂದೇ, ಕಟ್ಟಡ ಎರಡು, ತಾಗಬಾರದು. ಅದೇ ಮಾತು, ಅದೇ ಕ್ರಮದಲ್ಲಿ. ಇಬ್ಬರೂ ಕೂತು ಬಾಯಿಪಾಠ ಮಾಡಿದ್ದಾರೆ ಎಂದು ವ್ಯಾಪಾರಿಗೆ ಖಾತ್ರಿಯಾಯಿತು. ಬೇರೆ ಬೇರೆ ಹೇಳಿದ್ದರೆ ಒಬ್ಬನಾದರೂ ಸುಳ್ಳುಗಾರ ಎನ್ನುತ್ತಿದ್ದ. ಪಾಪ, ಅವರು ಏನು ಹೇಳಿದ್ದರೆ ನಂಬುತ್ತಿದ್ದ ಎಂದು ನನಗೂ ಹೊಳೆಯುವುದಿಲ್ಲ.

ತಮ್ಮ ಸಂಸಾರ ಸಮೇತ ಹೆಂಡತಿಯ ತವರಿಗೆ ಮದುವೆಗೆ ಹೋದ. ವ್ಯಾಪಾರಿ ಅದಕ್ಕೇ ಕಾಯುತ್ತಿದ್ದ. ಅವರ ಗಾಡಿ ಬೀದಿಯ ತಿರುವು ದಾಟುವುದೇ ತಡ, ಗೌಂಡಿಗಳನ್ನು ಕರೆಸಿದ. ತಗಡಿನ ಪಟ್ಟಿಗಳನ್ನು ಕೀಳಿಸಿದ. ಎರಡು ಕಡೆಯ ಕಂಬಗಳಿಗೂ ತೂತು ಕೊರೆಸಿ ಕಬ್ಬಿಣದ ಸರಳುಗಳಿಂದ ಹೊಲಿಸಿದ. ಬುಡದಿಂದ ಮಾಳಿಗೆಯವರೆಗೆ ಸಂದಿಗೆ ಕಾಂಕ್ರೀಟು ಸುರಿಸಿದ...

ಶಲ್ಯದೊಳಗೆ ಏನೋ ಕಿಣಿಕ್ಕೆಂದಿತು. ಮರುಳಯ್ಯ ಮಗ್ಗುಲು ಬದಲಿಸಿ ಕೂತ. ಗುರುಗಳು ಕೇಳಿಸದವರಂತೆ ಮುಂದುವರಿಸಿದರು.

ಕೊನೆಯ ಬಾಂಡಲಿಯನ್ನು ವ್ಯಾಪಾರಿ ತಾನೇ ಹೊತ್ತು ಸುರಿದ. ಗೌಂಡಿಯ ಕರಣಿ ಹಿಡಿದು ತಾನೇ ಸಾರಿಸಿದ. ಅವನ ಕಣ್ಣಲ್ಲಿ ನೀರು ಬಂತು. ಇನ್ನು ಈ ಮನೆಯನ್ನು ಯಾರೂ ಒಡೆಯಲಾರರು ಎಂದು ಗೋಡೆಯನ್ನು ತಟ್ಟಿದ. ಒಳ್ಳೆಯ ಕೆಲಸ ಮಾಡಿದವರಿಗೆ ಬರುವ ನಿದ್ದೆ ಅವನಿಗೆ ಬಂತು.

ತಮ್ಮ ಮರಳಿ ಬಂದ. ಪಟ್ಟಿಯಿದ್ದ ಕಡೆ ಬರಿಯ ಗೋಡೆ. ಅಂಗೈಯಿಂದ ಸವರಿದ. ಅಂಗೈ ಬೆಳ್ಳಗಾಯಿತು. ಅಣ್ಣ ಅಲ್ಲೇ ನಿಂತು ನೋಡುತ್ತಿದ್ದ. ಜಗಳಕ್ಕೆ ಸಿದ್ಧನಾಗಿ ನಿಂತಿದ್ದ. ತಮ್ಮ ಕೈ ಒರೆಸಿಕೊಂಡು ಊಟಕ್ಕೆ ನಡೆದ.

ಅವನು ಏಕೆ ಜಗಳ ಮಾಡಲಿಲ್ಲ ಎಂದು ಕೇಳಬೇಕು ನೀನು. ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಅವನು ಎಂಜಿನಿಯರನ ಬಳಿಗೆ ಹೋಗಿ ವಿಷಯ ತಿಳಿಸಿದ. ಎಂಜಿನಿಯರ್ ಹೌಹಾರಿ, ತಕ್ಷಣ ಒಡೆಸಿ ತೆಗೆಸು, ಹಾಗೆ ಇರಿಸುವುದಕ್ಕಿಂತ ಆ ಮನೆ ಬಿಡುವುದು ಮೇಲು ಎಂದ. ತಮ್ಮ ದಾರಿಯುದ್ದಕ್ಕೂ ಯೋಚಿಸಿದ. ಒಡೆಯೋಣ ಎಂದು ಬಾಯಿ ಬಿಟ್ಟರೆ ಮನೆ ಒಡೆಯುವವನು ನಾನಾಗುತ್ತೇನೆ. ಅಣ್ಣ ಬೇಕೆಂದೇ ಬಲೆ ಹಾಕಿ ಕೂತಿದ್ದಾನೆ, ನನ್ನ ಬಾಯಿಂದಲೇ ಆ ಮಾತು ಬರಲಿ ಎಂದು ಕಾಯುತ್ತಿದ್ದಾನೆ. ಹೀಗೆಂದುಕೊಂಡು ಸುಮ್ಮನಾದ. ನೋಡಿದೆಯಾ? ಇಬ್ಬರೂ ಒಂದೇ ತಾಯಿಯ ಮಕ್ಕಳು, ಯೋಚನೆಯೂ ಒಂದೇ ಬಗೆಯದು.

ಆದರೆ ಸುಮ್ಮನಾದವನು ಸುಮ್ಮನೆ ಕೂರಲಿಲ್ಲ. ತನ್ನ ಮಕ್ಕಳ ಹಾಸಿಗೆಗಳನ್ನು ಮೊಣಕೈಯಿಂದ ದೂರ, ತನ್ನ ಭಾಗದ ಕಟ್ಟಕಡೆಯ ಕೋಣೆಗೆ ಸಾಗಿಸಿದ. ಅಣ್ಣ ಅದನ್ನು ನೋಡಿದ. ಸರಿಯುತ್ತಿದ್ದಾರೆ, ಬೇರೆಯಾಗಲು ಸಿದ್ಧವಾಗುತ್ತಿದ್ದಾರೆ ಎಂದುಕೊಂಡ. ಅದಕ್ಕೆ ಅವನೊಂದು ಉಪಾಯ ಮಾಡಿದ. ಎರಡು ಭಾಗಗಳು ಕೂಡುವ ಆ ಮೂಲೆಯ ಕೋಣೆಯನ್ನು ಅಕ್ಕನಿಗೆ ಕೊಟ್ಟ. ಇಬ್ಬರನ್ನೂ ಸಾಕಿದವಳು ನಡುವೆ ಕೂತಿದ್ದರೆ ಅವಳನ್ನು ದಾಟಿ ಗೆರೆ ಎಳೆಯುವ ಧೈರ್ಯ ಯಾರಿಗಿದೆ? ಅಕ್ಕನಿಗೂ ಆ ಕೋಣೆ ಇಷ್ಟವಾಯಿತು. ಎರಡು ಬೀದಿಗಳೂ ಕಾಣುತ್ತಿದ್ದವು.

ತಮ್ಮನಿಗೆ ಅನ್ನ ಇಳಿಯದಾಯಿತು. ಒಂದು ದಿನ ಅಣ್ಣ ಅಂಗಡಿಯಲ್ಲಿದ್ದಾಗ ಅಕ್ಕನ ಬಾಗಿಲಲ್ಲಿ ನಿಂತ.

"ಅಕ್ಕಾ, ಈ ಖೋಲಿ ನಿನಗ ಬ್ಯಾಡ. ನಮ್ಮ ಕಡಿಗಿ ಬಾ."

ಅಕ್ಕ ಮೊರ ಕೆಳಗಿಟ್ಟಳು.

"ನಮ್ಮ ಕಡಿ, ನಿಮ್ಮ ಕಡಿ ಅಂತ ಯಾವಾಗಿಂದ ಸುರು ಆತೋ?"

ಅವಳಿಗೂ ಅನುಮಾನ ಬಂದಿತ್ತು. ತನ್ನನ್ನು ಅವನ ಪಕ್ಷಕ್ಕೆ ಎಳೆದುಕೊಳ್ಳಲು ಬಂದಿದ್ದಾನೆ ಎಂದುಕೊಂಡಳು. ಗೋಡೆಯೊಳಗೆ ಏನಿದೆ ಎಂದು ಅವನು ಆಗಲಾದರೂ ಬಿಡಿಸಿ ಹೇಳಬಹುದಿತ್ತು. ಹೇಳಿದರೆ ಅವಳು ಅಣ್ಣನಿಗೆ ಮುಟ್ಟಿಸುತ್ತಾಳೆ ಎಂದು ಹೆದರಿದ. ಏನಿಲ್ಲ ಎಂದು ತಿರುಗಿ ಹೋದ.

ಹೀಗೆ ವರ್ಷಗಳು ಕಳೆದವು. ಒಲೆ ಒಂದೇ ಇತ್ತು. ಹಬ್ಬಕ್ಕೆ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಊರಿನವರು ತಮ್ಮ ಮಕ್ಕಳಿಗೆ ಆ ಅಣ್ಣತಮ್ಮಂದಿರನ್ನು ತೋರಿಸಿ ಬುದ್ಧಿ ಹೇಳುತ್ತಿದ್ದರು. ಅಣ್ಣ ಗೋಡೆ ತಟ್ಟಿ ನೋಡದೆ ಅಂಗಡಿಗೆ ಇಳಿಯುತ್ತಿರಲಿಲ್ಲ. ತಮ್ಮ ನೆಲ ಸಣ್ಣಗೆ ನಡುಗಿದಾಗಲೆಲ್ಲ ಅಕ್ಕನ ಬಾಗಿಲ ಕಡೆ ನೋಡುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಿದ್ದರು, ಬೆಕ್ಕು ಇಲಿಯನ್ನು ಕಾಯುವಂತೆ.

ಒಂದು ಮಧ್ಯಾಹ್ನ ನೆಲ ನಿಜವಾಗಿ ನಡುಗಿತು. ಜನ ಹೊರಗೆ ಓಡಿದರು. ಈ ಸಲ ಯಾರೂ ನಗಲಿಲ್ಲ. ಎಂಜಿನಿಯರ್ ಹೇಳಿದ್ದಂತೆಯೇ ಆಯಿತು. ಉದ್ದನೆಯ ಭಾಗ ತನ್ನ ರೀತಿ ತೂಗಲು ಹೋಯಿತು, ಗಿಡ್ಡದ್ದು ತನ್ನ ರೀತಿ. ನಡುವೆ ತುಂಬಿದ ಕಾಂಕ್ರೀಟು ಎರಡನ್ನೂ ಬಿಡಲಿಲ್ಲ. ಕಟ್ಟಡ ತಿರುಚಿಕೊಂಡಿತು. ಮೊಣಕೈಯ ಕಂಬಗಳು ಕುತ್ತಿಗೆಯಲ್ಲಿ ಮುರಿದವು. ಮಾಳಿಗೆ ಅಂತಸ್ತಿನ ಮೇಲೆ ಕೂತಿತು, ಅಂತಸ್ತು ಅಂಗಡಿಯ ಮೇಲೆ ಕೂತಿತು.

ಉದ್ದನೆಯ ಭಾಗ ನಿಂತಿತ್ತು. ಗಿಡ್ಡ ಭಾಗವೂ ನಿಂತಿತ್ತು. ಅಲ್ಲಿದ್ದವರೆಲ್ಲ ಸುಣ್ಣ ಮೆತ್ತಿದ ಮೈಯಲ್ಲಿ ಹೊರಗೆ ಬಂದರು. ಬಿದ್ದದ್ದು ಅವೆರಡು ಕೂಡುತ್ತಿದ್ದ ಮೂಲೆ ಮಾತ್ರ. ಅಕ್ಕ ಬರಲಿಲ್ಲ.

ಅಣ್ಣತಮ್ಮಂದಿರು ಬರಿಗೈಯಲ್ಲಿ ಅಗೆದರು. ಊರಿನವರು ಸೇರಿದರು. ಸಂಜೆಯ ಹೊತ್ತಿಗೆ ಅವಳನ್ನು ಹೊರಗೆ ತೆಗೆದರು. ಅವಳು ಬದುಕಿರಲಿಲ್ಲ. ಅಗೆಯುವಾಗ ವ್ಯಾಪಾರಿಯ ಕೈಗೆ ಒಂದು ಕಾಂಕ್ರೀಟಿನ ಹೆಂಟೆ ಬಂದಿತ್ತು. ಅದರೊಳಗೆ ತೊಗರಿಬೇಳೆ ಹೂತಿತ್ತು. ಎಂದೋ ಅಕ್ಕನ ಮೊರದಿಂದ ಚೆಲ್ಲಿ, ಸಂದಿನ ತಳಕ್ಕೆ ಬಿದ್ದದ್ದು. ಅದರ ಮೇಲೆ ಏನು ಸುರಿದಿತ್ತು, ಯಾರು ಸುರಿದರು ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಅದನ್ನು ಕೆಳಗಿಡಲೂ ಆರದೆ ಹಿಡಿಯಲೂ ಆರದೆ ತಮ್ಮನ ಕಡೆ ತಿರುಗಿದ.

"ಹಿಂಗಾಗತದಂತ ನಿನಗ ಗೊತ್ತಿತ್ತು. ನಿನ್ನ ಮಕ್ಕಳ್ನ ದೂರ ಮಲಗಿಸಿದಿ."

"ನಿಮಗೂ ಹೇಳಿದ್ನಲ್ಲರಿ ಅಣ್ಣಾ."

"ಒಂದ ಸಲ ಹೇಳಿದಿ."

ತಮ್ಮ ಅಕ್ಕನ ಕಾಲ ಬಳಿ ಕುಸಿದು ಕೂತ. ಆಮೇಲೆ ಅವರಿಬ್ಬರೂ ಮಾತಾಡಿದ್ದನ್ನು ಊರು ಕೇಳಲಿಲ್ಲ.

ಬಿದ್ದದ್ದನ್ನು ತೆರವು ಮಾಡಿದಾಗ ಎರಡು ಭಾಗಗಳ ನಡುವೆ ಎತ್ತಿನ ಗಾಡಿ ಹಾಯುವಷ್ಟು ಬಯಲಾಯಿತು. ಸುಣ್ಣದ ಗೆರೆ ಎಳೆಯಲು ಹಿರಿಯರು ಬರಬೇಕಾಗಲಿಲ್ಲ. ಇತ್ತ ಒಂದು ಒಲೆ, ಅತ್ತ ಒಂದು ಒಲೆ ಹೊತ್ತಿತು.

ಅದೇ ಎಂಜಿನಿಯರ್ ಅದೇ ಊರಿನ ಹೊರಗೆ ಒಂದು ಛತ್ರ ಕಟ್ಟಿದ್ದ. ಅದೂ ಮಡಚಿದ ತೋಳಿನ ಆಕಾರದ್ದೇ, ಅದರ ಮೊಣಕೈಯಲ್ಲೂ ಅಂಗೈ ಅಗಲದ ಸಂದು. ನೆಲ ನಡುಗಿದಾಗ ತಗಡಿನ ಪಟ್ಟಿ ನಲುಗಿ ಕಳಚಿಬಿದ್ದಿತ್ತು, ಅಷ್ಟೇ. ಒಂದು ದಿನ ವ್ಯಾಪಾರಿ ಅಲ್ಲಿಗೆ ಹೋದ. ತೆರೆದ ಸಂದಿನೊಳಗೆ ಮೊಣಕೈವರೆಗೆ ಕೈ ತೂರಿಸಿ ನಿಂತ. ಛತ್ರ ಕಾಯುವವನು ಬಂದು ಏನು ಕಳೆದುಕೊಂಡಿರಿ ಎಂದು ಕೇಳಿದ. ಇವನು ಕೈ ತೆಗೆಯಲಿಲ್ಲ.

ಗುರುಗಳು ಅಷ್ಟಕ್ಕೆ ನಿಲ್ಲಿಸಿ ಪಕ್ಕದಲ್ಲಿದ್ದ ತಂಬಿಗೆಯ ನೀರು ಕುಡಿದರು.

ಮರುಳಯ್ಯ ಕೇಳಿದ. "ತಪ್ಪು ಯಾರದು, ಗುರುಗಳೇ? ತುಂಬಿದ ಅಣ್ಣನದೋ, ಬಾಯಿ ಮುಚ್ಚಿಕೊಂಡಿದ್ದ ತಮ್ಮನದೋ?"

"ಯಾರದಾದರೆ ನಿನಗೆ ಅನುಕೂಲ?"

ಮರುಳಯ್ಯನ ಮುಖ ಕೆಂಪಾಯಿತು. "ಹಾಗಲ್ಲ. ನಡುವೆ ಒಂದು ಸಂದು ಬಿಟ್ಟವನು ಜೊತೆಗಿರಲು ಬಿಟ್ಟನೋ, ಬೇರೆಯಾಗಲು ಬಿಟ್ಟನೋ ಎಂದು ಹೊರಗೆ ನಿಂತವನಿಗೆ ಹೇಗೆ ತಿಳಿಯಬೇಕು?"

 ಗಾಳಿ ಬೀಸಿತು. ಮೊಗಸಾಲೆಯ ಕೊನೆಯಲ್ಲಿ ಒಂದು ಬಾಗಿಲು ತಾನಾಗಿ ತೆರೆದು ಗೋಡೆಗೆ ಬಡಿಯಿತು, ಮತ್ತೆ ಮುಚ್ಚಿತು, ಮತ್ತೆ ಬಡಿಯಿತು. ಅದು ಅಡವಯ್ಯನ ಕೋಣೆ. ಅಡವಯ್ಯ ತೋಟಕ್ಕೆ ನೀರು ಹಾಯಿಸಲು ಹೋಗಿದ್ದ. ಮರುಳಯ್ಯ ಆ ಕಡೆ ತಿರುಗಿ ನೋಡಲಿಲ್ಲ. ಶಲ್ಯದೊಳಗಿನ ಕೈಯನ್ನು ಇನ್ನಷ್ಟು ಬಿಗಿಹಿಡಿದ.

"ಅದನ್ನು ಆಮೇಲೆ ನೋಡೋಣ," ಎಂದರು ಗುರುಗಳು, "ಅಡವಯ್ಯ ತೋಟದಿಂದ ಬರುವುದರೊಳಗೆ, ನೀನು ಕಿತ್ತು ಶಲ್ಯದಲ್ಲಿಟ್ಟುಕೊಂಡಿರುವ ಅವನ ಚಿಲಕವನ್ನು ಮತ್ತೆ ಬಾಗಿಲಿಗೆ ಜಡಿದು ಬಾ."